ಲೋಟದ ಸರಪಳಿ

ಮನಾಮದ ಹಳೆ ಸೂಕಿನ ಹಿಂದಿನ ಗಲ್ಲಿ,
ಎರಡನೇ ಮಾಳಿಗೆ, ವಕೀಲೆ ಬದ್ರಿಯಾರ ಆಫೀಸು.
ನಾನಲ್ಲಿ ಮಾತು ದಾಟಿಸುವವಳು.
ಕನ್ನಡ, ಕೊಂಕಣಿ, ಮುರುಕು ಮಲಯಾಳ ಈ ದಡ,
ಅರಬ್ಬಿ ಆ ದಡ.
ಹದಿನೇಳು ವರ್ಷದಲ್ಲಿ ಸಂಬಳದ ತಗಾದೆ, ತಲಾಖು,
ಕ್ರೇನಿನಿಂದ ಬಿದ್ದವನ ಪರಿಹಾರ, ಎಲ್ಲ ದಾಟಿಸಿದ್ದೇನೆ.
ಇಂಥದ್ದು ಬಂದಿರಲಿಲ್ಲ.

ನೌಶಾದ್ ಕಾಟಿಪಳ್ಳ, ಗುದೈಬಿಯಾದ ಕೋಲ್ಡ್ ಸ್ಟೋರಿನ ಹುಡುಗ.
ಹುಡುಗ ಅಂದರೆ ನಲವತ್ತೊಂದು.
ಶಟರು ಎಳೆದ ಮೇಲೆ ಮೊಸರಿನ ಕ್ರೇಟಿನ ಮೇಲೆ ಕೂತು
ಮೂರು ಬೇಸಿಗೆ ಬರೆದನಂತೆ
ಉದ್ರಿ ಲೆಕ್ಕದ ಒಂದು ಪ್ರೋಗ್ರಾಮು. ಹೆಸರು ‘ಬರೆದುಕೋ’.
ಫ್ಲ್ಯಾಟು ಇಪ್ಪತ್ಮೂರು, ಖುಬ್ಬೂಸು ಎರಡು, ಲಬನ್ ಒಂದು,
ತಿಂಗಳ ಕೊನೆಗೆ ಕೊಡ್ತಾರೆ.
ಬರೆದು ಲೋಕಕ್ಕೆ ಬಿಟ್ಟ:
ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಿ, ಬೇಕಿದ್ದರೆ ಮಾರಿ,
ಆದರೆ ಹಂಚುವಾಗ, ನೀವು ತಿದ್ದಿದ್ದನ್ನೂ ಹೀಗೇ ಬಿಚ್ಚಿಡಿ;
ನನ್ನ ಹೆಸರು ಅಳಿಸಬೇಡಿ.

ಸೀಫ್ ಕಡೆಯ ಗಾಜಿನ ಕಟ್ಟಡದ ಕಂಪನಿಯೊಂದು ಎತ್ತಿಕೊಂಡಿತು.
ನೀಲಿ ಬಳಿಯಿತು, ಹೆಸರು ಅಳಿಸಿತು, ಬೀಗ ಜಡಿಯಿತು,
ತಿಂಗಳಿಗೆ ಹನ್ನೆರಡು ದಿನಾರಿನಂತೆ
ಅವನ ಪಕ್ಕದ ಅಂಗಡಿಗೇ ಮಾರಿತು.

ಕೇಳಿದ್ದಕ್ಕೆ ಅವರ ವಕೀಲನ ಕಾಗದ, ಒಂದೇ ಸಾಲು.
ನೌಶಾದನಿಗೆ ಕನ್ನಡದಲ್ಲಿ ಓದಿ ಹೇಳಿದೆ:
‘ಬಿಟ್ಟಿ ಕೊಟ್ಟವನಿಗೆ ಹಕ್ಕು ಎಲ್ಲಿಯದು?’

ಹೇಳಿ, ನನ್ನ ನಾಲಿಗೆಯೇ ತಡವರಿಸಿತು.
ಅರಬ್ಬಿಯಲ್ಲಿ ಮಜ್ಜಾನಿ ಬೇರೆ, ಹುರ್ ಬೇರೆ.
ನಮ್ಮ ಬಿಟ್ಟಿಯೂ ಬಿಟ್ಟದ್ದರಿಂದ ಹುಟ್ಟಿದ ಮಾತಲ್ಲ,
ಯಾರದೋ ಗದ್ದೆಯಲ್ಲಿ ಕೂಲಿಯಿಲ್ಲದೆ ಬಗ್ಗಿದ ಬೆನ್ನುಗಳು,
ಆ ಚಾಕರಿಯ ಹೆಸರು.
ಬಿಡುಗಡೆಯದು ಬೇರೆಯೇ ಬೇರು.
ಕಿವಿಗೆ ಅಕ್ಕತಂಗಿಯರಂತೆ ಕೇಳುತ್ತವೆ, ಅಷ್ಟೇ.

ಬದ್ರಿಯಾ ಕನ್ನಡಕ ತೆಗೆದು ಕೇಳಿದರು:
ಡ್ಯೂಟಿಯ ಹೊತ್ತಿನಲ್ಲಿ ಬರೆದೆಯಾ? ಅಂಗಡಿಯ ಕಂಪ್ಯೂಟರಿನಲ್ಲಾ?
ಹಾಗಿದ್ದರೆ ನಿನ್ನ ಅರ್ಬಾಬು ನನ್ನದು ಅಂದಾನು.
ನಿನ್ನದಲ್ಲದ್ದನ್ನು ನೀನು ಕೊಡುವುದು ಹೇಗೆ?
ದಾಟಿಸಿದೆ.
ಪ್ಲಾಸ್ಟಿಕ್ ಚೀಲದಿಂದ ಲ್ಯಾಪ್‌ಟಾಪು ಬಂತು.
‘ಲ’ದ ಕೀಲಿ ಉದುರಿ, ರಬ್ಬರಿನ ಮೊಳಕೆ ಮಾತ್ರ ಉಳಿದದ್ದು.
ಸೆಕೆಂಡ್‌ಹ್ಯಾಂಡು, ನಲವತ್ತು ದಿನಾರು, ರಸೀದಿ ಇದೆ.
‘ರಾತ್ರಿ ಹನ್ನೆರಡರ ಮೇಲೆ
ನಾನು ಯಾರ ಆಳೂ ಅಲ್ಲ ಬಾಯಿ, ಹೇಳಿ ಅವರಿಗೆ.’
ಅರಬ್ಬಿಯಲ್ಲಿ ಹೇಳುವಾಗ
ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಬದ್ರಿಯಾ ಕಿಟಕಿಗೆ ಕರೆದರು.
ಕೆಳಗೆ, ಗೋಡೆಗೆ ಒರಗಿಸಿದ ತಣ್ಣೀರಿನ ಪೆಟ್ಟಿಗೆ,
ಯಾರೋ ತೀರಿಹೋದ ತಾಯಿಯ ಹೆಸರಿನಲ್ಲಿ ಇಟ್ಟದ್ದು.
ಒಬ್ಬ ಸೈಕಲ್ಲು ನಿಲ್ಲಿಸಿ ಕುಡಿಯುತ್ತಿದ್ದ.
‘ಸರಪಳಿ ನೋಡು. ನೀರಿಗಲ್ಲ, ಲೋಟಕ್ಕೆ.
ಲೋಟ ಹೋದರೆ ನಾಳೆಯವನು ಬೊಗಸೆ ಒಡ್ಡಬೇಕು.
ಕೃತಿಸ್ವಾಮ್ಯ ಅಂದರೆ ನಿನ್ನ ಮಟ್ಟಿಗೆ ಆ ಸರಪಳಿ.’
ನೌಶಾದ್ ತಲೆ ಕೆರೆದ:
‘ನೀರು ಮುಗಿಯುತ್ತದೆ. ನನ್ನದು ಎಷ್ಟು ಕುಡಿದರೂ ಮುಗಿಯುವುದಿಲ್ಲ.
ಮುಗಿಯದ್ದಕ್ಕೂ ಬೀಗ ಹಾಕಿದರಲ್ಲ!’

ಆಮೇಲೆ ಕಾಗದ ಬರೆಸಿದರು, ಬರೆದೆ:
ನಮ್ಮ ಕಕ್ಷಿದಾರ ಹಕ್ಕು ಬಿಟ್ಟಿಲ್ಲ, ಅನುಮತಿ ಕೊಟ್ಟಿದ್ದಾನೆ.
ಅನುಮತಿಗೆ ಷರತ್ತಿದೆ.
ಷರತ್ತು ಮುರಿದಲ್ಲಿಗೆ ಅನುಮತಿಯೂ ಮುರಿಯಿತು.
ಅನುಮತಿಯಿಲ್ಲದ ನಕಲಿಗೆ
ಕಾನೂನಿನಲ್ಲಿ ಹಳೆಯ ಹೆಸರಿದೆ.
ಹಣ ಬೇಡ. ಬಿಚ್ಚಿಡಿ. ಹೆಸರು ಹಾಕಿ.

ನಲವತ್ತು ದಿನಕ್ಕೆ ಉತ್ತರ: ಪರಿಶೀಲನೆಯಲ್ಲಿದೆ.
ಆಗಸ್ಟು. ಗಾಜು ಮುಟ್ಟಿದರೆ ಬೆರಳು ಸುಡುತ್ತದೆ.

ನನ್ನ ತರ್ಜುಮೆಯ ಎಂಟು ದಿನಾರಿಗೆ
ನೌಶಾದ್ ಎರಡೂ ಕಿಸೆ ತಡವಿದ.
‘ಬರೆದುಕೋ’ ಅಂದೆ.
ಅಲ್ಲೇ ಮೆಟ್ಟಿಲ ಮೇಲೆ ಕೂತು ತೆರೆದ;
ಜಸಿಂತಾಬಾಯಿ, ಎಂಟು, ತಿಂಗಳ ಕೊನೆಗೆ.
‘ಳ’ ಬರುವಲ್ಲಿಯೂ ಅದೇ ಕೀಲಿಯಂತೆ,
ರಬ್ಬರಿನ ಮೊಳಕೆಯನ್ನು
ಉಗುರಿನಿಂದ ಒತ್ತಿ, ಒತ್ತಿ.